ಬಿಸಿಲು ಎಲ್ಲರದು, ಕಾರ್ಖಾನೆ ಯಾರದು?

2025ರ ಏಪ್ರಿಲ್ ತಿಂಗಳಲ್ಲಿ ಚೀನಾದ ಲಾಂಗಿ ಎಂಬ ಕಂಪೆನಿಯಿಂದ ಎರಡು ಸುದ್ದಿಗಳು ಹೊರಬಿದ್ದವು. ತನ್ನ ಪ್ರಯೋಗಾಲಯದಲ್ಲಿ ಸಿದ್ಧವಾದ ಹೊಸ ಸೌರಕೋಶವು ಬಿಸಿಲಿನ ಶೇ. 34.85 ಭಾಗವನ್ನು ವಿದ್ಯುತ್ತಾಗಿ ಪರಿವರ್ತಿಸಿ ವಿಶ್ವದಾಖಲೆ ನಿರ್ಮಿಸಿದೆ ಎಂಬುದು ಮೊದಲನೆಯದು. ಹಿಂದಿನ ವರ್ಷದ ಲೆಕ್ಕಪತ್ರದಲ್ಲಿ ಕಂಪೆನಿಗೆ 850 ಕೋಟಿ ಯುವಾನ್‌ಗೂ ಮಿಕ್ಕಿದ ನಷ್ಟವಾಗಿದೆ ಎಂಬುದು ಎರಡನೆಯದು. ಮೊದಲನೆಯದನ್ನು ವಿಜ್ಞಾನದ ಪುಟಗಳಲ್ಲಿ ಓದಿದವರು ಬೇರೆ, ಎರಡನೆಯದನ್ನು ಷೇರು ಪೇಟೆಯ ಪುಟಗಳಲ್ಲಿ ಓದಿದವರು ಬೇರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಪ್ರಶ್ನೆ ಏಳದೇ ಇರದು. ಜಗತ್ತಿನಲ್ಲೇ ಅತ್ಯುತ್ತಮವಾದ ಸೌರಕೋಶವನ್ನು ತಯಾರಿಸಬಲ್ಲ ಕಂಪೆನಿಯು ಸೌರಫಲಕಗಳನ್ನು ಮಾರಿ ನಷ್ಟ ಅನುಭವಿಸುತ್ತದೆ ಎಂದಾದರೆ, ಈ ಶೇಕಡಾವಾರು ದಾಖಲೆಗಳಿಗೂ ಮಾರುಕಟ್ಟೆಗೂ ಇರುವ ಸಂಬಂಧವಾದರೂ ಏನು?

ಇದು ತಜ್ಞರ ತಲೆನೋವು, ನಮಗೇಕೆ ಎಂದು ತಳ್ಳಿಹಾಕುವ ಹಾಗಿಲ್ಲ. ಇಂದು ನಮ್ಮ ಪಟ್ಟಣಗಳಲ್ಲಿ ತಾರಸಿಯಿರುವ ಮನೆಗಳ ಬಾಗಿಲಿಗೆ ಸೌರಫಲಕ ಮಾರುವ ಏಜೆಂಟರು ಬರುತ್ತಿದ್ದಾರೆ. ಅವರ ಕೈಯಲ್ಲಿ ಬಣ್ಣದ ಕರಪತ್ರ, ಬಾಯಲ್ಲಿ ‘ಹೊಸ ತಂತ್ರಜ್ಞಾನ’ ಎಂಬ ಪದ. ಇನ್ನೊಂದೆಡೆ, ‘ಇನ್ನೆರಡು ವರ್ಷ ತಾಳಿ, ದುಪ್ಪಟ್ಟು ಕರೆಂಟು ಕೊಡುವ ಫಲಕ ಬರಲಿದೆ’ ಎಂದು ಉಪದೇಶಿಸುವ ನೆಂಟರಿಷ್ಟರಿದ್ದಾರೆ. ಇವರಿಬ್ಬರ ನಡುವೆ ಸಿಲುಕಿದ ಮನೆಯೊಡೆಯನು ಒಂದೂವರೆ ಲಕ್ಷ, ಎರಡು ಲಕ್ಷ ರೂಪಾಯಿಯ ನಿರ್ಧಾರವನ್ನು ಅರೆಬೆಂದ ಮಾಹಿತಿಯ ಮೇಲೆ ಕೈಗೊಳ್ಳಬೇಕಾಗಿದೆ. ಬಡ್ಡಿಯ ಸಾಲಕ್ಕೆ ಕೈಯೊಡ್ಡದ ಕುಟುಂಬವಾದರೆ ಅಷ್ಟೂ ಮೊತ್ತವನ್ನು ಗಂಟಿನಿಂದಲೇ ತೆರಬೇಕು. ಆದ್ದರಿಂದ ವಿಷಯವನ್ನು ಬುಡದಿಂದಲೇ ನೋಡುವುದು ಒಳ್ಳೆಯದು.

ದಕ್ಷತೆ ಎಂದರೇನು? ನಡುಹಗಲಿನ ನಿಚ್ಚಳ ಬಿಸಿಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1,000 ವಾಟ್‌ನಷ್ಟು ಶಕ್ತಿ ಬೀಳುತ್ತದೆ. ಅಷ್ಟೇ ಜಾಗದ ಫಲಕವು ಅದರಲ್ಲಿ 220 ವಾಟ್ ವಿದ್ಯುತ್ ಕೊಟ್ಟರೆ ಅದರ ದಕ್ಷತೆ ಶೇ. 22. ಇಂದು ಮಾರುಕಟ್ಟೆಯಲ್ಲಿ ಸಿಗುವ ಉತ್ತಮ ಸಿಲಿಕಾನ್ ಫಲಕಗಳು ಹೆಚ್ಚುಕಡಿಮೆ ಈ ಮಟ್ಟದಲ್ಲಿವೆ. 1954ರ ಏಪ್ರಿಲ್‌ನಲ್ಲಿ ಅಮೇರಿಕದ ಬೆಲ್ ಪ್ರಯೋಗಾಲಯವು ಜಗತ್ತಿಗೆ ತೋರಿಸಿದ ಮೊದಲ ಸಿಲಿಕಾನ್ ಸೌರಕೋಶದ ದಕ್ಷತೆ ಸುಮಾರು ಶೇ. 6 ಮಾತ್ರವಿತ್ತು. ಅಂದರೆ, ಶೇ. 6ರಿಂದ ಶೇ. 22ಕ್ಕೆ ಬರಲು ಏಳು ದಶಕಗಳು ಬೇಕಾದವು. ಸಿಲಿಕಾನ್ ಒಂದನ್ನೇ ನೆಚ್ಚಿಕೊಂಡರೆ ಇನ್ನು ಮುಂದೆ ಹೋಗಲು ಹೆಚ್ಚು ದಾರಿಯೂ ಉಳಿದಿಲ್ಲ. ಪ್ರಕೃತಿಯ ನಿಯಮವೇ ಅದನ್ನು ಶೇ. 29ರ ಆಸುಪಾಸಿನಲ್ಲಿ ತಡೆದು ನಿಲ್ಲಿಸುತ್ತದೆ.

ಈ ಗೋಡೆಯನ್ನು ದಾಟಲು ವಿಜ್ಞಾನಿಗಳು ಕಂಡುಕೊಂಡ ಉಪಾಯವೇ ಜೋಡಿಕೋಶ. ಬಿಸಿಲಿನಲ್ಲಿ ನೀಲಿಯಿಂದ ಕೆಂಪಿನವರೆಗೆ, ಅದರಾಚೆಗೂ ನಾನಾ ಬಗೆಯ ಕಿರಣಗಳಿವೆ. ಸಿಲಿಕಾನ್ ಕೆಂಪು ಮತ್ತು ಅದರಾಚೆಯ ಕಿರಣಗಳನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ, ನೀಲಿ ಕಿರಣದ ಶಕ್ತಿಯ ದೊಡ್ಡ ಪಾಲನ್ನು ಬರೀ ಶಾಖವಾಗಿ ಪೋಲು ಮಾಡುತ್ತದೆ. ಸಿಲಿಕಾನ್‌ನ ಮೇಲೆ, ನೀಲಿ ಕಿರಣಗಳನ್ನು ಹೀರಿ ಉಳಿದುದನ್ನು ಕೆಳಗೆ ಬಿಟ್ಟುಕೊಡುವ ಇನ್ನೊಂದು ತೆಳುಪದರವನ್ನು ಹಚ್ಚಿದರೆ ಎರಡೂ ಸೇರಿ ದುಡಿಯುತ್ತವೆ. ಆ ಪದರಕ್ಕೆ ಇಂದು ಜಗತ್ತು ಆರಿಸಿಕೊಂಡಿರುವ ವಸ್ತುವೇ ಪೆರೋವ್‌ಸ್ಕೈಟ್. 1839ರಲ್ಲಿ ರಶ್ಯದ ಉರಾಲ್ ಬೆಟ್ಟಗಳಲ್ಲಿ ಸಿಕ್ಕಿದ ಒಂದು ಖನಿಜದ ಹೆಸರದು. ಅದೇ ಹರಳು ರಚನೆಯಿರುವ, ಆದರೆ ಪ್ರಯೋಗಾಲಯದಲ್ಲಿ ತಯಾರಿಸಿದ ಪದಾರ್ಥಗಳನ್ನೂ ಈಗ ಅದೇ ಹೆಸರಿನಿಂದ ಕರೆಯಲಾಗುತ್ತದೆ. 2009ರಲ್ಲಿ ಜಪಾನಿನ ಮಿಯಾಸಾಕಾ ಅವರ ತಂಡವು ಇದರಿಂದ ಮೊದಲ ಸೌರಕೋಶವನ್ನು ಮಾಡಿದಾಗ ದಕ್ಷತೆ ಕೇವಲ ಶೇ. 3.8 ಇತ್ತು. ಸಿಲಿಕಾನ್ ಜೊತೆಗೂಡಿ ಅದಿಂದು ಶೇ. 34ನ್ನು ದಾಟಿದೆ. ಸಿಲಿಕಾನ್ ಕರಗಿಸಲು 1,400 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಪೆರೋವ್‌ಸ್ಕೈಟನ್ನಾದರೋ ದ್ರಾವಣ ಮಾಡಿ, ಬಣ್ಣ ಹಚ್ಚಿದಂತೆ ಹಚ್ಚಿ, ನೂರು-ನೂರೈವತ್ತು ಡಿಗ್ರಿಯಲ್ಲಿ ಒಣಗಿಸಬಹುದು. ದಪ್ಪ ಒಂದು ಮೈಕ್ರಾನ್‌ಗಿಂತಲೂ ಕಡಿಮೆ. ವಿಜ್ಞಾನಿಗಳು ಇದರ ಬಗ್ಗೆ ಉತ್ಸಾಹಗೊಂಡಿರುವುದು ಸಹಜವೇ.

ಆದರೆ ಪ್ರಯೋಗಾಲಯದ ಕೋಶ ಬೇರೆ, ತಾರಸಿಯ ಫಲಕ ಬೇರೆ. ಇಂತಹ ದಾಖಲೆಗಳು ಸಾಮಾನ್ಯವಾಗಿ ಒಂದು ಚದರ ಸೆಂಟಿಮೀಟರ್ ಗಾತ್ರದ, ಅಂದರೆ ಬೆರಳ ತುದಿಯಷ್ಟು ಕೋಶದ ಮೇಲೆ ನಿರ್ಮಾಣವಾಗುತ್ತವೆ. ಗಾತ್ರ ಹಿಗ್ಗಿದಂತೆ ಪದರದಲ್ಲಿ ಕಲೆಗಳೂ ಬಿರುಕುಗಳೂ ಹೆಚ್ಚುತ್ತವೆ, ದಕ್ಷತೆ ಇಳಿಯುತ್ತದೆ. ಬ್ರಿಟನ್ನಿನ ಆಕ್ಸ್‌ಫರ್ಡ್ ಪಿವಿ ಎಂಬ ಕಂಪೆನಿಯು 2010ರಲ್ಲಿ ಹುಟ್ಟಿ, ಜರ್ಮನಿಯಲ್ಲಿ ಕಾರ್ಖಾನೆ ಕಟ್ಟಿ, ತನ್ನ ಮೊದಲ ವಾಣಿಜ್ಯ ಫಲಕಗಳನ್ನು ಅಮೇರಿಕದ ಗ್ರಾಹಕರೊಬ್ಬರಿಗೆ ಕಳುಹಿಸಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಆ ಫಲಕಗಳ ದಕ್ಷತೆ ಶೇ. 24.5. ಹದಿನಾಲ್ಕು ವರ್ಷಗಳ ಶ್ರಮದ ಫಲ ಅದು. ಚಿಕ್ಕದೆಂದು ನಾವು ಹೇಳುವುದಿಲ್ಲ. 2025ರಲ್ಲಿ ಲಾಂಗಿಯು ಕಾರ್ಖಾನೆಯ ಅಳತೆಯ ಕೋಶದಲ್ಲೇ ಶೇ. 33ನ್ನು ಮುಟ್ಟಿರುವುದಾಗಿ ಪ್ರಕಟಿಸಿತು ಎಂಬುದೂ ನಿಜ. ಆದರೂ ‘ದುಪ್ಪಟ್ಟು ಕರೆಂಟು’ ಎಂಬ ಮಾತಿಗೂ ಶೇ. 24.5ಕ್ಕೂ ನಡುವಿನ ಅಂತರವನ್ನು ಓದುಗರು ಗಮನಿಸಬೇಕು.

ಇಷ್ಟಕ್ಕೂ, ಹೆಚ್ಚಿನ ದಕ್ಷತೆಯೊಂದೇ ಗೆಲುವು ತರುವುದಾಗಿದ್ದರೆ ನಮ್ಮ ತಾರಸಿಗಳಲ್ಲಿ ಎಂದೋ ಉಪಗ್ರಹಗಳ ಸೌರಕೋಶಗಳಿರಬೇಕಿತ್ತು. ಗ್ಯಾಲಿಯಂ, ಆರ್ಸೆನಿಕ್, ಇಂಡಿಯಂ ಮುಂತಾದವುಗಳ ಪದರಗಳಿಂದ ಮಾಡಿದ ಕೋಶಗಳು ಶೇ. 30ರ ಗಡಿಯನ್ನು ದಾಟಿ ದಶಕಗಳೇ ಸಂದಿವೆ. ಮಂಗಳ ಗ್ರಹಕ್ಕೆ ಹೋದ ಕೆಲವು ಬಂಡಿಗಳ ಬೆನ್ನ ಮೇಲೆ ಇದ್ದುದು ಇಂತಹ ಕೋಶಗಳೇ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯು 2022ರಲ್ಲಿ, ಬೆಳಕನ್ನು ನೂರಾರು ಪಟ್ಟು ಸಾಂದ್ರಗೊಳಿಸಿ, ಇಂತಹ ಕೋಶದಿಂದ ಶೇ. 47.6ನ್ನು ಪಡೆಯಿತು. ಆದರೂ ಅವು ಆಕಾಶದಿಂದ ಕೆಳಗಿಳಿದು ಮನೆಗಳಿಗೆ ಬರಲಿಲ್ಲ. ಕಾರಣ ಬೆಲೆ. ಇದಕ್ಕೆ ವಿರುದ್ಧವಾಗಿ, ಕ್ಯಾಡ್ಮಿಯಂ ಟೆಲುರೈಡ್ ಎಂಬ ವಸ್ತುವಿನಿಂದ ಫಲಕ ಮಾಡುವ ಫಸ್ಟ್ ಸೋಲಾರ್ ಎಂಬ ಅಮೇರಿಕನ್ ಕಂಪೆನಿಯು ದಕ್ಷತೆಯಲ್ಲಿ ಸಿಲಿಕಾನ್‌ಗಿಂತ ಹಿಂದಿದ್ದರೂ ದಶಕಗಳಿಂದ ಮಾರುಕಟ್ಟೆಯಲ್ಲಿ ಉಳಿದುಕೊಂಡಿದೆ. 2024ರ ಜನವರಿಯಲ್ಲಿ ಅದು ತಮಿಳುನಾಡಿನಲ್ಲೂ ಕಾರ್ಖಾನೆಯನ್ನು ತೆರೆಯಿತು.

ಇನ್ನು ಸೊಲಿಂಡ್ರಾದ ಕಥೆ. ಹೊಸ ತಂತ್ರಜ್ಞಾನದ ಹೆಸರು ಕೇಳಿದೊಡನೆ ಮರುಳಾಗುವ ಸರಕಾರಗಳೂ ಹೂಡಿಕೆದಾರರೂ ಇದನ್ನು ಮತ್ತೆ ಮತ್ತೆ ಓದಬೇಕು. ಕ್ಯಾಲಿಫೋರ್ನಿಯಾದ ಈ ಕಂಪೆನಿಯು ಸಿಲಿಕಾನನ್ನೇ ಬಳಸದೆ, ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೆನಿಯಂಗಳ ಪದರವನ್ನು ಗಾಜಿನ ಕೊಳವೆಗಳೊಳಗೆ ಸುತ್ತಿ ಫಲಕ ಮಾಡಿತು. ಆಗ ಸಿಲಿಕಾನ್ ದುಬಾರಿಯಾಗಿತ್ತು. 2008ರಲ್ಲಿ ಶುದ್ಧ ಸಿಲಿಕಾನ್‌ನ ಬೆಲೆ ಕಿಲೋಗ್ರಾಮಿಗೆ 400 ಡಾಲರನ್ನೂ ದಾಟಿತ್ತು. ಆ ಬೆಲೆ ಹಾಗೆಯೇ ಇರುತ್ತದೆ ಎಂಬುದೇ ಸೊಲಿಂಡ್ರಾದ ವ್ಯಾಪಾರದ ಅಡಿಪಾಯ. 2009ರಲ್ಲಿ ಅಮೇರಿಕ ಸರಕಾರವು ಅದಕ್ಕೆ 53.5 ಕೋಟಿ ಡಾಲರ್ ಸಾಲದ ಖಾತರಿ ನೀಡಿತು. 2010ರ ಮೇ ತಿಂಗಳಲ್ಲಿ ಅಧ್ಯಕ್ಷ ಒಬಾಮಾ ಸ್ವತಃ ಕಾರ್ಖಾನೆಗೆ ಭೇಟಿ ಕೊಟ್ಟು ಹೊಗಳಿದರು. ಅಷ್ಟರಲ್ಲಿ ಚೀನಾದಲ್ಲಿ ಸಿಲಿಕಾನ್ ಕುಲುಮೆಗಳು ಒಂದರ ಹಿಂದೆ ಒಂದು ಹೊತ್ತಿಕೊಂಡಿದ್ದವು. 2011ರ ಕೊನೆಗೆ ಆ ಬೆಲೆ 50 ಡಾಲರ್‌ಗಿಂತಲೂ ಕೆಳಗಿಳಿದಿತ್ತು. ಅದಕ್ಕೆ ಮುನ್ನ, ಸೆಪ್ಟೆಂಬರ್‌ನಲ್ಲೇ ಸೊಲಿಂಡ್ರಾ ದಿವಾಳಿಯೆದ್ದಿತು. ಸುಮಾರು 1,100 ಮಂದಿ ಬೀದಿಗೆ ಬಿದ್ದರು. ಅದರ ತಂತ್ರಜ್ಞಾನ ಸುಳ್ಳಾಗಿರಲಿಲ್ಲ. ಕೊಳವೆಗಳು ನಿಜವಾಗಿಯೂ ವಿದ್ಯುತ್ ಕೊಡುತ್ತಿದ್ದವು. ಹಳೆಯ ಸರಕು ಅಗ್ಗವಾದದ್ದೇ ಹೊಸ ಸರಕಿನ ಮರಣಪತ್ರವಾಯಿತು. ಪೆರೋವ್‌ಸ್ಕೈಟ್ ಇಂದು ಎದುರಿಸುತ್ತಿರುವುದು ಇದೇ ಎದುರಾಳಿಯನ್ನು, ಅದೂ ಹಿಂದೆಂದಿಗಿಂತ ಅಗ್ಗವಾಗಿರುವ ಸಿಲಿಕಾನನ್ನು.

ಹಾಗಂತ ದಕ್ಷತೆಗೆ ಬೆಲೆಯೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಫಲಕವೇ ಅಗ್ಗವಾದಾಗ ಉಳಿದ ಖರ್ಚುಗಳು ತಲೆ ಎತ್ತುತ್ತವೆ. ಕಬ್ಬಿಣದ ಚೌಕಟ್ಟು, ತಂತಿ, ಇನ್ವರ್ಟರ್, ಜೋಡಿಸುವವರ ಕೂಲಿ, ದೊಡ್ಡ ಯೋಜನೆಗಳಾದರೆ ಜಮೀನು. ಇವುಗಳಲ್ಲಿ ಹೆಚ್ಚಿನವು ಜಾಗದ ಅಳತೆಗೆ ತಕ್ಕಂತೆ ಏರುತ್ತವೆ. ಕಡಿಮೆ ಜಾಗದಲ್ಲಿ ಹೆಚ್ಚು ವಿದ್ಯುತ್ ಬಂದರೆ ಇವೆಲ್ಲವೂ ಇಳಿಯುತ್ತವೆ. ಲೆಕ್ಕ ಸರಳವಿದೆ. 3 ಕಿಲೋವಾಟ್‌ನ ವ್ಯವಸ್ಥೆಗೆ ಶೇ. 22ರ ಫಲಕಗಳಾದರೆ ಸುಮಾರು 147 ಚದರ ಅಡಿ ಬೇಕು, ಶೇ. 30ರದ್ದಾದರೆ 108 ಚದರ ಅಡಿ ಸಾಕು. ಓಡಾಡಲು, ನೆರಳು ತಪ್ಪಿಸಲು ಬಿಡಬೇಕಾದ ಜಾಗ ಬೇರೆಯೇ. ನಮ್ಮ ಮೊಹಲ್ಲಾಗಳ ತಾರಸಿಗಳನ್ನು ನೋಡಿದವರಿಗೆ ಈ ನಲ್ವತ್ತು ಚದರ ಅಡಿಯ ಬೆಲೆ ಗೊತ್ತು. ಒಂದು ಮೂಲೆಯಲ್ಲಿ ನೀರಿನ ಟ್ಯಾಂಕು, ಇನ್ನೊಂದರಲ್ಲಿ ಮೆಟ್ಟಿಲ ಕೋಣೆ, ನಡುವೆ ಬಟ್ಟೆ ಒಣಗುವ ಹಗ್ಗ, ಪಕ್ಕದ ಮೂರಂತಸ್ತಿನ ಮನೆಯ ನೆರಳು ಮಧ್ಯಾಹ್ನ ಮೂರಕ್ಕೇ ಬಂದು ಬೀಳುತ್ತದೆ. ಇಂತಹ ಮನೆಗೆ ದಕ್ಷ ಫಲಕವು ನಿಜವಾಗಿಯೂ ಉಪಕಾರಿ.

ಆದರೆ ಅದು ಎಷ್ಟು ಕಾಲ ಬಾಳುತ್ತದೆ? ಇಡೀ ವ್ಯಾಪಾರದ ಕೀಲಿಕೈ ಇರುವುದು ಇಲ್ಲಿ. ಇಂದು ಸಿಲಿಕಾನ್ ಫಲಕಕ್ಕೆ 25 ವರ್ಷಗಳ ವಾರಂಟಿ ಸಿಗುತ್ತದೆ. ಅಷ್ಟು ಕಾಲದ ನಂತರವೂ ಶೇ. 80ರಷ್ಟು ಉತ್ಪಾದನೆ ಇರಬೇಕೆಂಬುದು ರೂಢಿ. ಬ್ಯಾಂಕುಗಳು ಸೌರ ಯೋಜನೆಗಳಿಗೆ ಹಣ ಕೊಡುವುದೂ ಈ 25 ವರ್ಷಗಳ ಭರವಸೆಯ ಮೇಲೆಯೇ. ಪೆರೋವ್‌ಸ್ಕೈಟಿಗಾದರೋ ತೇವ ಆಗದು, ಆಮ್ಲಜನಕ ಆಗದು, ಶಾಖ ಆಗದು, ಬಿಸಿಲಿನಲ್ಲಿರುವ ನೇರಳಾತೀತ ಕಿರಣವೂ ಆಗದು. ಬಿಸಿಲಿಗೆಂದೇ ಹುಟ್ಟಿದ ವಸ್ತುವಿಗೆ ಬಿಸಿಲನ್ನು ತಾಳಿಕೊಳ್ಳುವುದೇ ಕಷ್ಟ ಎಂಬುದು ವಿಪರ್ಯಾಸ. ಗಾಜಿನ ನಡುವೆ ಗಾಳಿಯಾಡದಂತೆ ಮುಚ್ಚಿ, ಪದಾರ್ಥದ ಮಿಶ್ರಣವನ್ನು ಬದಲಿಸಿ ವಿಜ್ಞಾನಿಗಳು ಇದನ್ನು ಬಹಳಷ್ಟು ಸುಧಾರಿಸಿದ್ದಾರೆ. ಫಲಕಗಳನ್ನು 85 ಡಿಗ್ರಿ ಶಾಖ ಮತ್ತು ಶೇ. 85ರ ತೇವದಲ್ಲಿ 1,000 ತಾಸು ಇಟ್ಟು ನೋಡುವ ಅಂತಾರಾಷ್ಟ್ರೀಯ ಪರೀಕ್ಷೆಯಿದೆ. ಆದರೆ 1,000 ತಾಸು ಎಂದರೆ ನಲ್ವತ್ತೆರಡು ದಿನಗಳೂ ಆಗುವುದಿಲ್ಲ. ಇಪ್ಪತ್ತೈದು ವರ್ಷಗಳ ಬಾಳಿಕೆಯನ್ನು ಸಾಬೀತುಪಡಿಸಲು ಇಪ್ಪತ್ತೈದು ವರ್ಷಗಳೇ ಬೇಕು. ಯಾವ ಪ್ರಯೋಗಾಲಯವೂ ಕಾಲವನ್ನು ಪೂರ್ತಿಯಾಗಿ ಕುಗ್ಗಿಸಲಾರದು. ನಮ್ಮ ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬೀರುವಿನೊಳಗೆ ಮಡಚಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುವ ಊರಿದು, ಜೊತೆಗೆ ಉಪ್ಪಿನ ಗಾಳಿ. ಕಲಬುರ್ಗಿ, ರಾಯಚೂರುಗಳ ಬೇಸಿಗೆಯಲ್ಲಿ ಫಲಕದ ಮೈ 60 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಯುರೋಪಿನ ತಂಪು ಹವೆಯಲ್ಲಿ ಪಾಸಾದದ್ದು ಇಲ್ಲಿ ಪಾಸಾಗಲೇಬೇಕೆಂದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಉತ್ತಮ ದಕ್ಷತೆಯ ಪೆರೋವ್‌ಸ್ಕೈಟ್‌ಗಳಲ್ಲಿ ಸೀಸವಿದೆ, ಅದು ನೀರಿನಲ್ಲಿ ಕರಗುವ ರೂಪದಲ್ಲಿದೆ. ಪ್ರಮಾಣ ಬಹಳ ಕಡಿಮೆ ಎಂಬುದು ನಿಜ. ಆದರೆ ಒಡೆದ ಫಲಕಗಳು ಕೊನೆಗೆ ಬಂದು ಬೀಳುವುದು ಗುಜರಿ ಅಂಗಡಿಗಳಿಗೆ. ಅಲ್ಲಿ ಕೈಗವಸೂ ಇಲ್ಲದೆ ದುಡಿಯುವವರು ಯಾರೆಂಬುದನ್ನು ನಾವು ಬಲ್ಲೆವು. ಅವರಲ್ಲಿ ಹಲವರು ನಮ್ಮದೇ ಓಣಿಗಳ ಹುಡುಗರು. 2022ರ ಇ-ತ್ಯಾಜ್ಯ ನಿಯಮಗಳು ಸೌರಫಲಕಗಳನ್ನೂ ಒಳಗೊಂಡಿವೆ. ಫಲಕದ ತ್ಯಾಜ್ಯವನ್ನು 2034-35ರ ತನಕ ಸಂಗ್ರಹಿಸಿಡುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಕಾಗದದ ಮೇಲಿನ ಈ ಹೊಣೆಯು ಗುಜರಿ ಅಂಗಡಿಯ ಬಾಗಿಲಿನ ತನಕ ತಲುಪುತ್ತದೆಯೇ ಎಂಬುದೇ ಪ್ರಶ್ನೆ.

ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ, ಈ ತಂತ್ರಜ್ಞಾನದ ಲಾಭ ಯಾರ ಪಾಲಿಗೆ ಎಂಬುದು. ಸೌರಕೋಶದ ಇತಿಹಾಸದುದ್ದಕ್ಕೂ ಕಂಡುಹಿಡಿದವರು ಒಬ್ಬರು, ಉಂಡವರು ಇನ್ನೊಬ್ಬರು. ಇಂದಿನ ಅಗ್ಗದ ಫಲಕಗಳಿಗೆ ದಾರಿ ಮಾಡಿಕೊಟ್ಟ ‘ಪರ್ಕ್’ ಎಂಬ ಕೋಶ ವಿನ್ಯಾಸವು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ, ಪ್ರೊಫೆಸರ್ ಮಾರ್ಟಿನ್ ಗ್ರೀನ್ ಅವರ ತಂಡದಿಂದ, 1980ರ ದಶಕದಲ್ಲಿ ರೂಪುಗೊಂಡಿತು. ಕಾರ್ಖಾನೆಗಳಲ್ಲಿ ಅದರ ಆಳ್ವಿಕೆ ಆರಂಭವಾಗಲು ಮೂವತ್ತು ವರ್ಷಗಳು ಹಿಡಿದವು. ಇಲ್ಲಿ ‘ಇನ್ನೆರಡು ವರ್ಷ ತಾಳಿ’ ಎನ್ನುವ ನೆಂಟರನ್ನು ನೆನೆಯದಿರಲು ಸಾಧ್ಯವಿಲ್ಲ. ಅದರ ಫಲ ಸಿಕ್ಕಿದ್ದಾದರೂ ಎಲ್ಲಿ? ಗ್ರೀನ್ ಅವರ ಶಿಷ್ಯ ಶಿ ಝೆಂಗ್ರಾಂಗ್ 2001ರಲ್ಲಿ ಚೀನಾದ ವುಶಿ ನಗರಕ್ಕೆ ಮರಳಿ, ಅಲ್ಲಿನ ಸ್ಥಳೀಯಾಡಳಿತದ ಬೆಂಬಲದಿಂದ ಸನ್‌ಟೆಕ್ ಕಂಪೆನಿಯನ್ನು ಕಟ್ಟಿದರು. 2005ರಲ್ಲಿ ಅದು ನ್ಯೂಯಾರ್ಕ್ ಷೇರು ಪೇಟೆಯನ್ನು ಪ್ರವೇಶಿಸಿತು, 2013ರಲ್ಲಿ ಅದರ ವುಶಿ ಘಟಕ ದಿವಾಳಿಯಾಯಿತು. ಒಂದು ಕಂಪೆನಿ ಮುಳುಗಿದರೂ ಕಲಿತ ಕೈಗಳು ಮುಳುಗಲಿಲ್ಲ. ಇಂಟರ್‌ನ್ಯಾಷನಲ್ ಎನರ್ಜಿ ಏಜೆನ್ಸಿಯು 2022ರಲ್ಲಿ ಹೇಳಿದ ಪ್ರಕಾರ, ಸೌರಫಲಕ ತಯಾರಿಯ ಪ್ರತಿಯೊಂದು ಹಂತದಲ್ಲೂ ಚೀನಾದ ಪಾಲು ಶೇ. 80ಕ್ಕಿಂತ ಹೆಚ್ಚು.

ಜೋಡಿಕೋಶದ ವಿಷಯದಲ್ಲೂ ಅದೇ ಜಾಡು. ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯವು 2023ರಲ್ಲಿ ಶೇ. 33.7ರ ವಿಶ್ವದಾಖಲೆ ನಿರ್ಮಿಸಿತು. ತೈಲದ ನಾಡು ಬಿಸಿಲಿನ ವಿದ್ಯೆಯಲ್ಲಿ ಮೊದಲ ಸ್ಥಾನಕ್ಕೇರಿದ್ದನ್ನು ಕಂಡು ಸಂತೋಷಪಟ್ಟವರಲ್ಲಿ ನಾವೂ ಇದ್ದೆವು. ಅದೇ ವರ್ಷದ ನವೆಂಬರ್‌ನಲ್ಲಿ ಲಾಂಗಿಯು ಶೇ. 33.9ರೊಂದಿಗೆ ಅದನ್ನು ಹಿಂದಿಕ್ಕಿತು. ಆಕ್ಸ್‌ಫರ್ಡ್ ಪಿವಿಯೂ 2025ರ ಏಪ್ರಿಲ್‌ನಲ್ಲಿ ತನ್ನ ಪೇಟೆಂಟುಗಳನ್ನು ಚೀನಾದ ಮಾರುಕಟ್ಟೆಗಾಗಿ ಟ್ರಿನಾ ಎಂಬ ಚೀನೀ ಕಂಪೆನಿಗೆ ಬಳಕೆಗೆ ಬಿಟ್ಟುಕೊಟ್ಟಿತು.

ನಮ್ಮ ದೇಶದ ಸ್ಥಿತಿ ಏನು? ಇಲ್ಲಿ ಮನಸ್ಸು ನೋಯುತ್ತದೆ. ಸಾರ್ವಜನಿಕ ರಂಗದ ಸೆಂಟ್ರಲ್ ಇಲೆಕ್ಟ್ರಾನಿಕ್ಸ್ ಸಂಸ್ಥೆಯು ಭಾರತದ ಮೊದಲ ಸೌರಕೋಶವನ್ನು ತಯಾರಿಸಿದ್ದು 1977ರಲ್ಲಿ. ಬೆಂಗಳೂರಿನಲ್ಲಿ ಟಾಟಾ ಬಿಪಿ ಸೋಲಾರ್ ಆರಂಭವಾದದ್ದು 1989ರಲ್ಲಿ. ಸನ್‌ಟೆಕ್ ಹುಟ್ಟುವ ಹೊತ್ತಿಗೆ ನಮಗೆ ಕಾಲು ಶತಮಾನದ ಅನುಭವವಿತ್ತು. ಆದರೂ 2010ರಲ್ಲಿ ರಾಷ್ಟ್ರೀಯ ಸೌರ ಯೋಜನೆಯನ್ನು ಘೋಷಿಸಿದಾಗ ನಾವು ದೊಡ್ಡ ಗಿರಾಕಿಗಳಾದೆವೇ ಹೊರತು ದೊಡ್ಡ ತಯಾರಕರಾಗಲಿಲ್ಲ. ದೇಶೀಯ ಕೋಶಗಳನ್ನೇ ಬಳಸಬೇಕೆಂಬ ಷರತ್ತನ್ನು ಹಾಕಿದಾಗ ಅಮೇರಿಕವು ವಿಶ್ವ ವಾಣಿಜ್ಯ ಸಂಸ್ಥೆಯ ಬಾಗಿಲು ತಟ್ಟಿತು, 2016ರಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಮುಕ್ತ ಮಾರುಕಟ್ಟೆಯ ಪಾಠ ಹೇಳಿದ ಅದೇ ಅಮೇರಿಕ 2022ರಲ್ಲಿ ತನ್ನ ದೇಶದ ಸಾಮಗ್ರಿ ಬಳಸುವವರಿಗೆ ಹೆಚ್ಚುವರಿ ತೆರಿಗೆ ರಿಯಾಯಿತಿ ಕೊಡುವ ಕಾನೂನು ಮಾಡಿತು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಲಿ.

ಆ ಬಳಿಕ ಕೇಂದ್ರ ಸರಕಾರವು ಬೇರೆ ದಾರಿಗಳನ್ನು ಹಿಡಿಯಿತು. 2022ರ ಏಪ್ರಿಲ್‌ನಿಂದ ಆಮದು ಫಲಕಗಳ ಮೇಲೆ ಶೇ. 40, ಕೋಶಗಳ ಮೇಲೆ ಶೇ. 25 ಸುಂಕ ವಿಧಿಸಿತು. ಕಾರ್ಖಾನೆ ಕಟ್ಟುವವರಿಗೆ ಒಟ್ಟು 24,000 ಕೋಟಿ ರೂಪಾಯಿಯ ಪ್ರೋತ್ಸಾಹಧನ ಘೋಷಿಸಿತು. 2025ರ ಆರಂಭದಲ್ಲಿ ದೇಶದ ಸೌರವಿದ್ಯುತ್ ಸಾಮರ್ಥ್ಯವು ಒಂದು ಲಕ್ಷ ಮೆಗಾವಾಟ್ ದಾಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಫಲಕ ತಯಾರಿಯ ವಾರ್ಷಿಕ ಸಾಮರ್ಥ್ಯವೂ ಅಷ್ಟಾಯಿತೆಂದು ಸರಕಾರ ಹೇಳಿತು. ಇದು ಹೆಮ್ಮೆಯ ವಿಷಯವೇ. ಆದರೆ ಫಲಕ ತಯಾರಿ ಎಂದರೆ ಬಹುಪಾಲು ಜೋಡಣೆ. ಅದರೊಳಗಿನ ಕೋಶವನ್ನು ಇಲ್ಲೇ ಮಾಡುವ ಸಾಮರ್ಥ್ಯ ಅದರ ಒಂದು ಪಾಲು ಮಾತ್ರ. ಕೋಶಕ್ಕೆ ಬೇಕಾದ ಸಿಲಿಕಾನ್ ಬಿಲ್ಲೆ ಮತ್ತು ಶುದ್ಧ ಸಿಲಿಕಾನ್‌ನ ಸಾಮರ್ಥ್ಯ ಅದಕ್ಕಿಂತಲೂ ಎಷ್ಟೋ ಕಡಿಮೆ. ಸುಂಕದ ಭಾರವನ್ನು ಇಂದು ಹೊರುತ್ತಿರುವುದು ಫಲಕ ಕೊಳ್ಳುವ ಮನೆಯೊಡೆಯನೇ. ಆ ಭಾರಕ್ಕೆ ಪ್ರತಿಯಾಗಿ ಅವನಿಗೆ ಸಿಗಬೇಕಾದದ್ದು ನಾಳಿನ ತಂತ್ರಜ್ಞಾನವನ್ನು ಇಲ್ಲೇ ಕಟ್ಟುವ ಶಕ್ತಿ. ಮುಂಬೈ ಐಐಟಿಯ ಸೌರ ಸಂಶೋಧನಾ ಕೇಂದ್ರದಲ್ಲಿ ಪೆರೋವ್‌ಸ್ಕೈಟ್ ಜೋಡಿಕೋಶದ ಕೆಲಸ ನಡೆಯುತ್ತಿದೆ. ಆದರೆ ಜಪಾನಿನ ಹಾಗೆ 2040ರೊಳಗೆ ಪೆರೋವ್‌ಸ್ಕೈಟ್ ಒಂದರಿಂದಲೇ 20,000 ಮೆಗಾವಾಟ್ ಎಂಬ ಗುರಿಯಿಟ್ಟು ಪ್ರಯೋಗಾಲಯವನ್ನೂ ಕಾರ್ಖಾನೆಯನ್ನೂ ಒಂದೇ ನೊಗಕ್ಕೆ ಕಟ್ಟುವ ಧೈರ್ಯವನ್ನು ನಾವಿನ್ನೂ ತೋರಿಲ್ಲ. ಜಪಾನ್ ಈ ದಾರಿಯನ್ನು ಆರಿಸಿಕೊಳ್ಳಲು ಒಂದು ಸ್ವಾರಸ್ಯಕರ ಕಾರಣವಿದೆ. ಈ ವಸ್ತುವಿಗೆ ಬೇಕಾದ ಅಯೋಡಿನ್ ಉತ್ಪಾದನೆಯಲ್ಲಿ ಚಿಲಿಯ ನಂತರದ ಸ್ಥಾನ ಅದರದ್ದೇ.

ಅಗ್ಗದ ಸಿಲಿಕಾನ್‌ನ ಬಗ್ಗೆ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕತೆಯಾದೀತು. 2020ರ ಸುಮಾರಿಗೆ ಜಗತ್ತಿನ ಶುದ್ಧ ಸಿಲಿಕಾನ್‌ನ ಹತ್ತಿರ ಹತ್ತಿರ ಅರ್ಧದಷ್ಟು ತಯಾರಾಗುತ್ತಿದ್ದುದು ಉಯಿಘರ್ ಮುಸ್ಲಿಮರ ನೆಲವಾದ ಶಿಂಜಿಯಾಂಗ್‌ನಲ್ಲಿ. ಅಲ್ಲಿನ ಜನರನ್ನು ಬಲವಂತದ ದುಡಿಮೆಗೆ ಹಚ್ಚಲಾಗುತ್ತಿದೆ ಎಂದು ಬ್ರಿಟನ್ನಿನ ಶೆಫೀಲ್ಡ್ ಹಾಲಂ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ವರದಿ ಮಾಡಿದರು. 2022ರ ಆಗಸ್ಟ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯು ಅಲ್ಲಿ ಗಂಭೀರ ಹಕ್ಕುಚ್ಯುತಿಗಳು ನಡೆದಿವೆ ಎಂದಿತು. ಚೀನಾ ಎಲ್ಲವನ್ನೂ ಅಲ್ಲಗಳೆದಿದೆ. ಅಮೇರಿಕವು 2022ರ ಜೂನ್‌ನಿಂದ ಅಲ್ಲಿನ ಸರಕುಗಳನ್ನು ತಡೆಯುತ್ತಿದೆ. ಅದಕ್ಕೆ ಮಾನವೀಯ ಕಾಳಜಿಯೊಂದೇ ಕಾರಣವೆಂದು ನಂಬಲು ಗಾಝಾವನ್ನು ಕಂಡ ಯಾರಿಗೂ ಸಾಧ್ಯವಿಲ್ಲ. ಆದರೆ ಅಮೇರಿಕದ ಕಪಟವು ಉಯಿಘರರ ನೋವನ್ನು ಸುಳ್ಳಾಗಿಸುವುದಿಲ್ಲ. ಹೊಸ ಜೋಡಿಕೋಶವೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರದು. ಮೇಲಿನ ಪದರ ಪೆರೋವ್‌ಸ್ಕೈಟ್ ಆದರೂ ಕೆಳಗಿರುವುದು ಅದೇ ಸಿಲಿಕಾನ್.

ಇನ್ನು ಮನೆಯೊಡೆಯನ ಪ್ರಶ್ನೆಗೆ ಬರೋಣ. ಕಾಯಬೇಕೇ? ಬೇಡ ಎಂಬುದೇ ನಮ್ಮ ಅಭಿಪ್ರಾಯ. ಆದರೆ ಎಲ್ಲರೂ ಹಾಕಿಸಲೇಬೇಕೆಂದೂ ಅಲ್ಲ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯು 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿಯನ್ನು ನಿಗದಿಪಡಿಸಿತು. ಅಷ್ಟು ಗಾತ್ರದ ವ್ಯವಸ್ಥೆಯು ತಿಂಗಳಿಗೆ ಸರಾಸರಿ 350 ಯುನಿಟ್‌ನಷ್ಟು ವಿದ್ಯುತ್ ಕೊಡಬಲ್ಲದು. ಆದರೆ ರಾಜ್ಯದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಡಿ, ನಿಗದಿತ ಸರಾಸರಿಯೊಳಗೆ 200 ಯುನಿಟ್ ತನಕ ಬಳಸುವ ಮನೆಗೆ ಬಿಲ್ಲೇ ಬರುವುದಿಲ್ಲ. ಬಿಲ್ಲೇ ಇಲ್ಲದ ಮನೆಯು ಒಂದೂವರೆ ಲಕ್ಷ ಖರ್ಚು ಮಾಡಿ ಉಳಿಸುವುದಾದರೂ ಏನನ್ನು? ಲಾಭವಿರುವುದು ತಿಂಗಳಿಗೆ ಮುನ್ನೂರು, ನಾನ್ನೂರು ಯುನಿಟ್ ಸುಡುವ ಮನೆಗಳಿಗೆ. ವಾಣಿಜ್ಯ ದರ ತೆರುವ ಬೇಕರಿ, ಹೊಲಿಗೆ ಘಟಕ, ಕೋಲ್ಡ್ ಸ್ಟೋರೇಜ್‌ಗಳಿಗೂ ಸೌರವಿದ್ಯುತ್ ಲಾಭದಾಯಕವೇ. ಆದರೆ ಸೂರ್ಯಘರ್‌ನ ಸಬ್ಸಿಡಿ ಮನೆಗಳಿಗೆ ಮಾತ್ರ, ಅಂಗಡಿಗಳಿಗಿಲ್ಲ. ಬಾಡಿಗೆ ಮನೆಯವರು ಮತ್ತು ಫ್ಲಾಟ್‌ಗಳಲ್ಲಿರುವವರು ಈ ಎಲ್ಲ ಲೆಕ್ಕಗಳಿಂದ ಹೊರಗೇ ಉಳಿದಿದ್ದಾರೆ, ಪಟ್ಟಣಗಳಲ್ಲಿ ಅವರ ಸಂಖ್ಯೆ ಸಣ್ಣದೇನಲ್ಲ. ಹಾಕಿಸಿಕೊಳ್ಳುವವರು ಏಜೆಂಟರೊಡನೆ ದಕ್ಷತೆಯ ಶೇಕಡಾವಾರನ್ನು ಕೇಳುವ ಮೊದಲು, ವಾರಂಟಿಯನ್ನು ಬರೆದುಕೊಡುವ ಕಂಪೆನಿ ಯಾವುದು, ಅದು ಎಷ್ಟು ವರ್ಷಗಳಿಂದಿದೆ, ಫಲಕ ಕೆಟ್ಟರೆ ಬರುವವರು ಯಾರು ಎಂದು ಕೇಳಲಿ. ‘ಹೊಸ ತಂತ್ರಜ್ಞಾನ’ದ ಹೆಸರಿನಲ್ಲಿ ಹೆಚ್ಚು ಹಣ ಕೇಳಿದರೆ, ಅದು ಯಾವ ತಾರಸಿಯ ಮೇಲೆ ಎಷ್ಟು ಮಳೆಗಾಲಗಳನ್ನು ಕಂಡಿದೆ ಎಂದೂ ಕೇಳಲಿ.

ಕೊನೆಯದಾಗಿ ಪಾವಗಡ. ತುಮಕೂರು ಜಿಲ್ಲೆಯ ಈ ಬರಪೀಡಿತ ತಾಲೂಕಿನ ತಿರುಮಣಿ, ವಳ್ಳೂರು ಮತ್ತು ಸುತ್ತಲಿನ ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನವಿದೆ. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ರೈತರಿಂದ ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಹತ್ತಿಪ್ಪತ್ತು ಎಕರೆಯಿದ್ದವರಿಗೆ ಇದು ವರವಾಯಿತು. ಭೂಮಿಯೇ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ. ಅಲ್ಲಿ ಹಾಕಿರುವುದು ಒಂದು ಪೀಳಿಗೆ ಹಿಂದಿನ ಫಲಕಗಳು. ಶೇ. 30ರ ಫಲಕಗಳು ನಿಜವಾಗಿಯೂ ಬಂದು, ಬಾಳಿಕೆ ಬಂದರೆ, ಅಷ್ಟೇ ವಿದ್ಯುತ್ತಿಗೆ ಏಳೆಂಟು ಸಾವಿರ ಎಕರೆ ಸಾಕಾದೀತು ಎಂಬುದು ನಮ್ಮ ಅಂದಾಜು. ಉಳಿಯುವ ಐದಾರು ಸಾವಿರ ಎಕರೆಯಲ್ಲಿ ಮತ್ತೆ ಶೇಂಗಾ ಬೆಳೆಯುವುದೋ, ಇನ್ನಷ್ಟು ಫಲಕಗಳು ಏಳುವುವೋ ಎಂಬುದನ್ನು ನಿರ್ಧರಿಸುವ ಮಾತುಕತೆಗೆ ಆ ಕೂಲಿಕಾರರನ್ನು ಇದುವರೆಗೆ ಯಾರೂ ಕರೆದಿಲ್ಲ.